ಲೆಕ್ಕ ಇರಲ್ಲ ಅಂತ ಎಚ್‌ಆರ್ ತಗೊಂಡವರಿಗೆ

ಬಿಬಿಎ ಐದನೇ ಸೆಮಿಸ್ಟರ್ ಹತ್ತಿರ ಬಂದಾಗ ಪ್ರತಿ ವರ್ಷ ಇದೇ ಮಾತು. "ಮೇಡಂ, ನಾನು ಎಚ್‌ಆರ್ ಎಲೆಕ್ಟಿವ್ ತಗೊಳ್ತೀನಿ." ಎಚ್‌ಆರ್ ಅಂದರೆ ಹ್ಯೂಮನ್ ರಿಸೋರ್ಸ್, ಕಂಪನಿಯಲ್ಲಿ ಕೆಲಸಗಾರರ ನೇಮಕ, ಹಾಜರಿ, ಸಂಬಳ ನೋಡಿಕೊಳ್ಳೋದನ್ನ ಕಲಿಸುವ ಆಯ್ಕೆ ವಿಷಯ. ಯಾಕಪ್ಪ ಅಂದರೆ, "ಫೈನಾನ್ಸ್‌ನಲ್ಲಿ ಲೆಕ್ಕ ಜಾಸ್ತಿ. ಇದಾದ್ರೆ ಬರೀ ಥಿಯರಿ, ಪುಟ ತುಂಬಿಸಿ ಬರಬಹುದು." ಇನ್ನೊಬ್ಬಳು, "ಹುಡುಗೀರಿಗೆ ಎಚ್‌ಆರ್ ಒಳ್ಳೇದಂತೆ ಮೇಡಂ, ಎಸಿ ರೂಮಲ್ಲಿ ಕೂತು ಇಂಟರ್‌ವ್ಯೂ ಮಾಡೋದಂತೆ, ನಮ್ಮಪ್ಪ ಹೇಳಿದ್ರು" ಅಂದಳು. ಆ ಅಪ್ಪನನ್ನು ಸಂಬಳದ ದಿನ ಯಾವುದಾದರೂ ಫ್ಯಾಕ್ಟರಿಯಲ್ಲಿ ಹಾಜರಿ ಲೆಕ್ಕ ಇಡೋ ಟೈಮ್ ಆಫೀಸಿನ ಮುಂದೆ ನಿಲ್ಲಿಸಬೇಕು ಅನ್ನಿಸಿತು.

ತಪ್ಪು ಮಕ್ಕಳದ್ದಲ್ಲ ಬಿಡಿ. ನಾವು ಪಾಠ ಮಾಡೋದೇ ಹಾಗೆ. ಎಚ್‌ಆರ್‌ಎಂ ಗುಣಲಕ್ಷಣ ವಿವರಿಸಿ, ರಿಕ್ರೂಟ್‌ಮೆಂಟಿಗೂ ಸೆಲೆಕ್ಷನ್‌ಗೂ ವ್ಯತ್ಯಾಸ ಬರೆಯಿರಿ. ಮ್ಯಾಸ್ಲೋ ಪಿರಮಿಡ್ (ಮನುಷ್ಯನ ಅಗತ್ಯಗಳನ್ನ ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಚಿತ್ರ) ಸ್ಕೇಲ್ ಇಟ್ಟು ನೀಟಾಗಿ ಬರೆದರೆ ಒಂದು ಮಾರ್ಕು ಜಾಸ್ತಿ (ನಾನೂ ಕೊಟ್ಟಿದ್ದೇನೆ). ಅಷ್ಟೆಲ್ಲ ಓದಿದವರ ಕೈಗೆ ಒಂದು ಸಂಬಳದ ಚೀಟಿ ಕೊಟ್ಟು ನೋಡಿ. ಓದೋಕೆ ಬರಲ್ಲ.

ನಾನಿರೋದು ದೊಡ್ಡಬಳ್ಳಾಪುರದ ಕಡೆ. ಕ್ಲಾಸಿನಲ್ಲಿ ಸುಮಾರು ಮಕ್ಕಳ ಅಮ್ಮಂದಿರು ಗಾರ್ಮೆಂಟ್ಸ್‌ಗೆ ಹೋಗ್ತಾರೆ. ಕಾಂಪೆನ್ಸೇಷನ್ ಪಾಠ ಬಂದಾಗ ಪುಸ್ತಕ ಪಕ್ಕಕ್ಕಿಟ್ಟು, ಮನೆಯಲ್ಲಿ ಯಾರದಾದರೂ ಪೇ ಸ್ಲಿಪ್ ಇದ್ದರೆ ಹೆಸರು ಮುಚ್ಚಿ ತನ್ನಿ ಅಂದೆ. ಹನ್ನೊಂದು ಜನ ತಂದರು. ಒಂದು ಚೀಟಿ ಅಂತೂ ಬೆವರಿಗೆ ನೆಂದು, ನಾಲ್ಕು ಮಡಿಕೆಯಾಗಿ, ಮಡಿಕೆಯ ಮೇಲಿದ್ದ ಅಂಕಿಗಳೇ ಅಳಿಸಿಹೋಗಿದ್ದವು. ಓದೋಕೆ ಬಂದ ಇನ್ನೊಂದರಲ್ಲಿ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 12,500. ಬೋರ್ಡ್ ಮೇಲೆ ಹಾಕಿದೆವು. ಪಿಎಫ್ (ಭವಿಷ್ಯ ನಿಧಿ) ಶೇ. 12, ಅಂದರೆ 1,500. ಇಎಸ್‌ಐ (ಕಾರ್ಮಿಕರ ವೈದ್ಯಕೀಯ ವಿಮೆ) ಶೇ. 0.75, ಅಂದರೆ 94. ಕೈಗೆ ಬಂದಿದ್ದು 10,906. ಮಾಲೀಕರೂ ಪಿಎಫ್‌ಗೆ ಅಷ್ಟೇ 1,500 ಕಟ್ಟಬೇಕು, ಆದರೆ ಅದರಲ್ಲಿ ಶೇ. 8.33 ಪಿಂಚಣಿ ಖಾತೆಗೆ ಹೋಗುತ್ತದೆ, ಪಿಎಫ್‌ಗೆ ಉಳಿಯೋದು 459 ರೂಪಾಯಿ ಮಾತ್ರ ಅಂದಾಗ ಹಿಂದಿನ ಬೆಂಚಿನ ಹುಡುಗರೂ ಮೊಬೈಲ್ ಕೆಳಗಿಟ್ಟರು. ಒಬ್ಬ ಹುಡುಗ ಹೇಳಿದ, "ನಮ್ಮಮ್ಮ ಪಿಎಫ್ ಅನ್ನೋದನ್ನ ಕಂಪನಿಯವರು ಹಿಡ್ಕೊಳ್ಳೋ ದುಡ್ಡು ಅಂದ್ಕೊಂಡಿದ್ದಾರೆ ಮೇಡಂ."

ಆಮೇಲೆ ಮಕ್ಕಳು ಆನ್‌ಲೈನ್ ಪಿಎಫ್ ಪಾಸ್‌ಬುಕ್ ನೋಡೋಣ ಅಂತ ಮನೆಗೆ ಹೋಗಿ ಕೂತರಂತೆ. ಮೂರು ಜನರಿಗೆ ತೆರೆಯಲೇ ಇಲ್ಲ. ಒಬ್ಬರದು ಕೊಟ್ಟ ಮೊಬೈಲ್ ನಂಬರೇ ಈಗ ಇಲ್ಲ. ಇನ್ನೊಬ್ಬರ ಹೆಸರು ಲಕ್ಷ್ಮಮ್ಮ, ಇಂಗ್ಲಿಷಿನಲ್ಲಿ ಬರೆದಾಗ ಆಧಾರ್‌ನಲ್ಲಿ ಕೆ-ಎಸ್-ಎಚ್, ಪಿಎಫ್‌ನಲ್ಲಿ ಎಕ್ಸ್. ಆ ಒಂದು ಎಕ್ಸ್ ಸರಿ ಮಾಡಿಸೋಕೆ ಎಷ್ಟು ದಿನದ ಸಂಬಳ ಹೋಗುತ್ತೆ ಅಂತ ಯಾವ ಟೆಕ್ಸ್ಟ್‌ಬುಕ್ಕಿನಲ್ಲೂ ಇಲ್ಲ. ಸೇರುವ ದಿನ ಆ ಹೆಸರು ಟೈಪ್ ಮಾಡಿದ್ದೂ ಎಚ್‌ಆರ್ ಓದಿದ ಹುಡುಗನೋ ಹುಡುಗಿಯೋ ಇರಬೇಕು, ಅಲ್ವಾ?

ಆ ದಿನ ಕ್ಲಾಸ್ ಮುಗಿಯುವ ಹೊತ್ತಿಗೆ ಒಬ್ಬಳು ಎದ್ದು ನಿಂತು, "ಮೇಡಂ, ನಿಮ್ಮ ಸ್ಲಿಪ್ ತೋರಿಸಿ" ಅಂದಳು. ನಾನು ಖಾಸಗಿ ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್. ಸ್ಲಿಪ್ಪಿಲ್ಲ, ಪಿಎಫ್ ಇಲ್ಲ, ವೋಚರ್ ಮೇಲೆ ಸಹಿ ಹಾಕಿ ದುಡ್ಡು ತಗೊಳ್ಳೋದು, ಅದೂ ಎರಡು ತಿಂಗಳಿಗೊಮ್ಮೆ, ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಇದ್ದಿದ್ದನ್ನ ಇದ್ದ ಹಾಗೆ ಹೇಳಿದೆ. ಕ್ಲಾಸು ಒಂದು ನಿಮಿಷ ಗಪ್‌ಚುಪ್. ಎಂಪ್ಲಾಯೀ ವೆಲ್ಫೇರ್ ಪಾಠ ಆ ವಾರ ನಾನು ಸ್ವಲ್ಪ ಬೇಗ ಮುಗಿಸಿದೆ.

ಲೆಕ್ಕ ಇಲ್ಲ ಅನ್ನುವವರಿಗೆ ನಾನು ನರಸಾಪುರದ ಕತೆ ಹೇಳ್ತೀನಿ. 2020ರ ಡಿಸೆಂಬರ್ 12, ಕೋಲಾರದ ವಿಸ್ಟ್ರಾನ್ ಐಫೋನ್ ಫ್ಯಾಕ್ಟರಿಯಲ್ಲಿ ಕೆಲಸಗಾರರು ಗಾಜು ಒಡೆದು ಬೆಂಕಿ ಹಚ್ಚಿದ್ದನ್ನ ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಒಡೆದಿದ್ದು ಸರಿ ಅಂತ ನಾನು ಹೇಳ್ತಿಲ್ಲ. ಆದರೆ ರಾಜ್ಯದ ಕಾರ್ಖಾನೆಗಳ ಇಲಾಖೆ ತನಿಖೆ ಮಾಡಿದಾಗ ಸಿಕ್ಕಿದ್ದೇನು? 5,000 ಇದ್ದ ಕೆಲಸಗಾರರು ಸ್ವಲ್ಪ ಸಮಯದಲ್ಲೇ 10,500 ಆಗಿದ್ದರು. ಹಾಜರಿ ಸಿಸ್ಟಂ ಕೆಟ್ಟಿತ್ತು. ಎಚ್‌ಆರ್ ವಿಭಾಗದಲ್ಲಿ ಕಾರ್ಮಿಕ ಕಾನೂನು ಸರಿಯಾಗಿ ಗೊತ್ತಿರುವವರು ಸಾಕಷ್ಟು ಇರಲಿಲ್ಲ. ಕೆಲವರಿಗೆ ಅಕ್ಟೋಬರ್, ನವೆಂಬರ್ ಸಂಬಳ ತಡವಾಗಿತ್ತು ಅಂತ ಆಪಲ್ ಕಂಪನಿಯೇ ಒಪ್ಪಿಕೊಂಡಿತು. ಇದರಲ್ಲಿ ಮ್ಯಾಸ್ಲೋ ಎಲ್ಲಿದ್ದಾನೆ ಹುಡುಕಿ. ಇರೋದು ಹಾಜರಿ, ಓಟಿ (ಓವರ್‌ಟೈಮ್), ಸಂಬಳ. ಬರೀ ಲೆಕ್ಕ.

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಪಿಎಫ್ ದುಡ್ಡು ತೆಗೆಯೋದನ್ನ ಬಿಗಿ ಮಾಡಿದ ನಿಯಮದ ವಿರುದ್ಧ ರಸ್ತೆಗಿಳಿದು, ಕೇಂದ್ರ ಸರ್ಕಾರ ಆ ನಿಯಮವನ್ನೇ ವಾಪಸ್ ತಗೊಂಡಿತಲ್ಲ, ಅದೂ ನಮ್ಮ ಸಿಲಬಸ್ಸಿನಲ್ಲಿಲ್ಲ. ಕಳೆದ ಸಲ ಕ್ಲಾಸಿನಲ್ಲಿ ಕೇಳಿದರೆ ಇಬ್ಬರು ಕೈ ಎತ್ತಿ, "ನಮ್ಮಮ್ಮ ಹೋಗಿದ್ರು" ಅಂದರು.

2025ರ ನವೆಂಬರ್ 21ರಿಂದ 29 ಹಳೇ ಕಾನೂನುಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆ. ನಿಗದಿತ ಅವಧಿಗೆ ಸೇರಿದವರಿಗೆ ಗ್ರಾಚುಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು) ಸಿಗೋಕೆ ಇನ್ನು ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಸಾಕು. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಮೊದಲು ಸೇರೋದೇ ಇಂಥ ಕೆಲಸಕ್ಕೆ. ಜೆರಾಕ್ಸ್ ಅಂಗಡಿಯ ನೋಟ್ಸ್‌ನಲ್ಲಿ ಮಾತ್ರ ಇನ್ನೂ ಐದೇ ವರ್ಷ.

ಫ್ಯಾಕ್ಟರಿ ಎಚ್‌ಆರ್‌ನಲ್ಲಿರುವ ಗೆಳೆಯರು ಇಲ್ಲಿ ಸುಮಾರು ಜನ ಇದ್ದೀರಿ. ಖಾಲಿ ಮಸ್ಟರ್ ರೋಲ್ (ಹಾಜರಿ ಪುಸ್ತಕ), ಓಟಿ ರಿಜಿಸ್ಟರ್, ಅಪಾಯಿಂಟ್‌ಮೆಂಟ್ ಲೆಟರ್ ನಮೂನೆ ಏನಿದ್ದರೂ ಇನ್‌ಬಾಕ್ಸಿಗೆ ಹಾಕಿ. ಕಂಪನಿ ಹೆಸರು ಅಳಿಸಿಯೇ ಕಳಿಸಿ. ಸೋಮವಾರ ಎರಡನೇ ಪೀರಿಯಡ್ ನನ್ನದು.