ಸ್ಪಷ್ಟನೆ: ಸಾವಿತ್ರಿಬಾಯಿ ಫುಲೆ ಕುರಿತ ಆ ಸಂದೇಶ

ಸಾವಿತ್ರಿಬಾಯಿಯ ಜನ್ಮದಿನ ಜನವರಿ 3 ಬಂತೆಂದರೆ ವಾಟ್ಸಾಪಿನಲ್ಲಿ ಎರಡು ಮಾತು ಓಡಾಡುತ್ತವೆ: 1848ರಲ್ಲಿ ಅವರೂ ಪತಿ ಜೋತಿಬಾ ಫುಲೆಯೂ ಪುಣೆಯ ಭಿಡೆ ವಾಡಾ ಎಂಬ ಮನೆಯಲ್ಲಿ ಆರಂಭಿಸಿದ್ದು ದೇಶದ ಮೊತ್ತಮೊದಲ ಹೆಣ್ಣುಮಕ್ಕಳ ಶಾಲೆ, ಸಾವಿತ್ರಿಬಾಯಿ ವಯೋಸಹಜವಾಗಿ ತೀರಿಕೊಂಡರು. ಎರಡೂ ತಪ್ಪು.

ಮುಂಬಯಿಯಲ್ಲಿ ಅಮೆರಿಕನ್ ಮಿಷನ್ 1824ರಲ್ಲೇ ಹುಡುಗಿಯರ ಶಾಲೆ ತೆರೆದಿತ್ತು. 'ಭಾರತೀಯರೇ ತೆರೆದ' ಎಂದು ಸೇರಿಸಿದರೂ ಬಂಗಾಳದ ಬಾರಾಸತ್ ಶಾಲೆ (1847) ಅಡ್ಡ ಬರುತ್ತದೆ. ಭಾರತೀಯರು ಹುಡುಗಿಯರಿಗಾಗಿ ತೆರೆದ ಆರಂಭದ ಶಾಲೆಗಳಲ್ಲೊಂದು ಎಂದರೆ ಸರಿ. ಇದರಿಂದ ಫುಲೆ ದಂಪತಿಗಳ ಎತ್ತರವೇನೂ ತಗ್ಗುವುದಿಲ್ಲ.

ಎರಡನೆಯ ತಪ್ಪು ಹೆಚ್ಚು ಕೆಟ್ಟದ್ದು, ಏಕೆಂದರೆ ಅದು ಸಾವಿತ್ರಿಬಾಯಿಯ ಕೊನೆಯ ಕೆಲಸವನ್ನೇ ಅಳಿಸುತ್ತದೆ. ಶಾಲೆಯಾಚೆಗೆ ಅವರ ಸೇವೆ ಬಹಳ ದೂರ ಹೋಗಿತ್ತು: 1863ರಲ್ಲಿ ವಿಧವೆಯರ ಹೆರಿಗೆಗೂ ಶಿಶುಹತ್ಯೆ ತಡೆಗೂ ಮನೆ, 1876-77ರ ಬರದಲ್ಲಿ ಅನ್ನದಾನ, 1890ರಲ್ಲಿ ಜೋತಿಬಾ ತೀರಿಕೊಂಡ ಮೇಲೆ ಅವರು ಕಟ್ಟಿದ್ದ ಸುಧಾರಣಾ ಸಂಘಟನೆ ಸತ್ಯಶೋಧಕ ಸಮಾಜದ ಹೊಣೆ. 1897ರ ಪ್ಲೇಗಿನಲ್ಲಿ ದತ್ತುಮಗ, ವೈದ್ಯ ಯಶವಂತ ಪುಣೆಯ ಹೊರಗೆ, ಹಡಪ್ಸರದ ಬಳಿ ಚಿಕಿತ್ಸಾಲಯ ತೆರೆದರು. ಸಾವಿತ್ರಿಬಾಯಿ ರೋಗಿಗಳನ್ನು ಕರೆತರುತ್ತಿದ್ದರು. ಮುಂಢ್ವಾದ ದಲಿತ ಕೇರಿಯ ಬಾಲಕನನ್ನು ಬೆನ್ನ ಮೇಲೆ ಹೊತ್ತು ತಂದರು. ರೋಗ ಅವರಿಗೂ ಅಂಟಿತು. ಮಾರ್ಚ್ 10ರಂದು ತೀರಿಕೊಂಡರು.

'ಎಚ್ಚರ ವಹಿಸಬಹುದಿತ್ತಲ್ಲ' ಎನ್ನುವವರಿಗೆ: ಇಲಿಯ ಚಿಗಟ ಪ್ಲೇಗ್ ಹರಡುತ್ತದೆ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋಂ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ಹಾಸಿಗೆ, ಬಟ್ಟೆಯಲ್ಲಿ ಅವಿತ ಚಿಗಟವೇ ಅಪಾಯವೆಂದು ಆಗ ಪುಣೆಯಲ್ಲಿ ಯಾರು ತಾನೇ ಹೇಳಬೇಕಿತ್ತು?