ಟೋಪಿಕ್ ಬರೆಯದಿದ್ದರೆ ಟೋಪಿ

ಭಾನುವಾರ ದಾವಣಗೆರೆಯಲ್ಲಿ ಗೃಹಪ್ರವೇಶ. ಎಲೆಗೆ ಇನ್ನೂ ಹೋಳಿಗೆ ಬಂದಿರಲಿಲ್ಲ, ಭಾವ ಜೇಬಿನಿಂದ ಕನ್ಸಲ್ಟೆಂಟ್ ಕೊಟ್ಟ, ಮಡಚಿದ ಪಾಂಪ್ಲೆಟ್ ತೆಗೆದರು. "ನೀನು ಆರು ವರ್ಷ ಅಲ್ಲೇ ಇದ್ದವನು, ನೋಡಿ ಹೇಳು. ನಮ್ಮ ಹುಡುಗನನ್ನ ಓದೋಕೆ ಕೊರಿಯಾಗೆ ಕಳಿಸೋಣ ಅಂತಿದ್ದೀವಿ. ಫೀಸು ಬರೀ ಮೂರು ಲಕ್ಷ."

ಸಿಯೋಲ್‌ನ ಯಾವುದೋ ಖಾಸಗಿ ವಿಶ್ವವಿದ್ಯಾಲಯ, ಬಿಸಿನೆಸ್ ಡಿಗ್ರಿ. "ಎಲ್ಲಾ ಇಂಗ್ಲಿಷಿನಲ್ಲೇ!" ಅಂತ ಕೆಂಪು ಅಕ್ಷರ. ಮೂರು ಲಕ್ಷದ ಪಕ್ಕ ಇರುವೆಯಷ್ಟು ದೊಡ್ಡ ಒಂದು ನಕ್ಷತ್ರ. ಕನ್ನಡಕ ಹಾಕಿಕೊಂಡು ಕೆಳಗೆ ಹುಡುಕಿದರೆ, ಒಂದು ಸೆಮಿಸ್ಟರಿಗೆ ಅಂತೆ. ನಾಲ್ಕು ವರ್ಷಕ್ಕೆ ಎಂಟು ಸೆಮಿಸ್ಟರ್, ಭಾವ. ಅವರು ಎತ್ತಿದ ನೀರಿನ ಲೋಟ ಹಾಗೇ ಕೆಳಗಿಟ್ಟರು.

ಲೆಕ್ಕ ಸುಳ್ಳಲ್ಲ. ಸಿಯೋಲ್‌ನ ಖಾಸಗಿ ಕಡೆ ಸೆಮಿಸ್ಟರಿಗೆ 40–50 ಲಕ್ಷ ವಾನ್ ಮಾಮೂಲು, ಎಂಜಿನಿಯರಿಂಗ್ ಇನ್ನೂ ಜಾಸ್ತಿ. ಒಂದು ರೂಪಾಯಿಗೆ ಹೆಚ್ಚುಕಡಿಮೆ 16 ವಾನ್ ಅಂತ ಇಟ್ಟುಕೊಳ್ಳಿ. ಬುಸಾನ್, ಡೇಗು, ಗ್ವಾಂಗ್ಜುವಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸುಮಾರು ಅದರ ಅರ್ಧಕ್ಕೆ ಮುಗಿಯುತ್ತೆ. ಅವು ಆ ಪಾಂಪ್ಲೆಟ್ಟಿನಲ್ಲಿ ಇರಲಿಲ್ಲ. ಯಾಕೆ ಅಂತ ನೀವೇ ಊಹಿಸಿ.

ನನಗೆ ಉರಿದದ್ದು ಆ ಕೆಂಪು ಅಕ್ಷರ ನೋಡಿ. ಡೇಜಾನ್‌ನ ಕೈಸ್ಟ್ ಅನ್ನೋ ವಿಜ್ಞಾನ-ತಂತ್ರಜ್ಞಾನ ವಿಶ್ವವಿದ್ಯಾಲಯದಂಥ ಕಡೆ ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲೇ, ನಿಜ. ಕ್ಲಾಸಿನ ಬಾಗಿಲು ದಾಟಿದ ಮೇಲೆ? ಮನೆ ಬಾಡಿಗೆ ಕರಾರು, ಆಸ್ಪತ್ರೆ, ಪಾರ್ಟ್‌ಟೈಮ್ ಕೆಲಸ, ಎಲ್ಲಾ ಕೊರಿಯನ್. ಭಾಷೆ ಬರದಿದ್ದರೆ ಎಷ್ಟೋ ಕಡೆ ಮೊದಲ ವರ್ಷ ಭಾಷಾ ಸಂಸ್ಥೆಗೆ ಸೇರಬೇಕಾಗುತ್ತೆ. ಹತ್ತು ವಾರದ ಒಂದು ಟರ್ಮಿಗೆ ಸಿಯೋಲ್‌ನಲ್ಲಿ 13ರಿಂದ 18 ಲಕ್ಷ ವಾನ್, ವರ್ಷಕ್ಕೆ ನಾಲ್ಕು ಟರ್ಮ್. ನಕ್ಷತ್ರದ ಕೆಳಗೂ ಇದರ ಸುದ್ದಿಯಿಲ್ಲ. ವೀಸಾಕ್ಕೆ ಬ್ಯಾಂಕಿನಲ್ಲಿ ತೋರಿಸಬೇಕಾದ 2 ಕೋಟಿ ವಾನ್ ಸುದ್ದಿಯೂ ಇಲ್ಲ. ಹನ್ನೆರಡು ಲಕ್ಷ ರೂಪಾಯಿಗೂ ಮೇಲಾಯ್ತು ಅದು.

ಇನ್ನೂ ಚೆಂದದ್ದು ಹಿಂದಿನ ಪುಟದಲ್ಲಿತ್ತು. "ಗ್ಲೋಬಲ್ ಕೊರಿಯಾ ಸ್ಕಾಲರ್‌ಶಿಪ್ ಅರ್ಜಿ, 75,000 ಮಾತ್ರ." ಸ್ವಾಮಿ, ಆ ಅರ್ಜಿಗೆ ಶುಲ್ಕವೇ ಇಲ್ಲ! ಅದು ಕೊರಿಯಾ ಸರ್ಕಾರದ್ದು. ಫೀಸು, ವಿಮಾನದ ಟಿಕೆಟ್, ತಿಂಗಳ ಖರ್ಚು ಎಲ್ಲಾ ಅವರೇ ಕೊಡುತ್ತಾರೆ. ಅಷ್ಟೆಲ್ಲಾ ಕೊಟ್ಟೂ ಮೊದಲ ವರ್ಷ ಕೂರಿಸಿ ಭಾಷೆ ಕಲಿಸುತ್ತಾರೆ. ಟೋಪಿಕ್ ಅನ್ನೋ ಕೊರಿಯನ್ ಭಾಷಾ ಪರೀಕ್ಷೆಯಲ್ಲಿ 3ನೇ ಹಂತ ಗಳಿಸದಿದ್ದರೆ ಡಿಗ್ರಿಗೆ ಬಿಡೋದಿಲ್ಲ. ದುಡ್ಡು ಕೊಟ್ಟು ಓದಿಸೋರೇ ಭಾಷೆ ಕಲಿ ಅಂತಿದ್ದಾರೆ, ದುಡ್ಡು ತಗೊಳ್ಳೋರು ಬೇಡ ಅಂತಿದ್ದಾರೆ.

ಏನೂ ಗೊತ್ತಿಲ್ಲದ ಅಪ್ಪ ಅಮ್ಮನಿಗೆ ಕನ್ಸಲ್ಟೆಂಟ್ ಬೇಕಲ್ವಾ ಅನ್ನಬಹುದು. ಬೇಕು ಬಿಡಿ. ಮದುವೆ ಬ್ರೋಕರೂ ಬೇಕು. ಆದರೆ ಗಂಡಿನ ಕಡೆಯವರಿಗೆ ಕನ್ನಡ ಬರೋದಿಲ್ಲ ಅಂತ ಬ್ರೋಕರ್ ಕೂಡ ಮೊದಲೇ ಹೇಳುತ್ತಾನೆ.

ನಾನೇನು ಮಹಾ ಸಾಚಾ ಅಲ್ಲ. ಪಿಎಚ್‌ಡಿಗೆ ಹೋದವನು, ಫೀಸು, ಸಂಬಳ ಎಲ್ಲಾ ಲ್ಯಾಬಿನದೇ, ಪೇಪರ್ ಬರೆಯೋದು ಇಂಗ್ಲಿಷಿನಲ್ಲಿ. ಭಾಷೆ ಯಾಕೆ ಅಂದುಕೊಂಡೆ. ಲ್ಯಾಬಿನವರು ರಾತ್ರಿ ಊಟಕ್ಕೆ ಕೂತಾಗ ಅವರು ನಕ್ಕ ಒಂದು ಸೆಕೆಂಡಿನ ನಂತರ ನಾನೂ ನಗುತ್ತಿದ್ದೆ. ಆರು ವರ್ಷ ಹೀಗೇ. ಒಂದು ಸಲ ಟೋಪಿಕ್ ಬರೆದೆ, 3ನೇ ಹಂತ ಸಿಗಲಿಲ್ಲ. ಇದನ್ನ ಇಲ್ಲಿ ಇವತ್ತೇ ಮೊದಲು ಹೇಳ್ತಿರೋದು.

ಹುಡುಗನನ್ನ ಪಕ್ಕಕ್ಕೆ ಕರೆದು ಹೇಳಿದೆ: ಒಂದು ವರ್ಷ ಇಲ್ಲೇ ಕೂತು ಕಲಿ. ಅಕ್ಷರ ಎರಡು ದಿನದ ಕೆಲಸ. ವಾಕ್ಯ ನಮ್ಮ ಥರಾನೇ, ಕ್ರಿಯಾಪದ ಕೊನೆಗೆ. ಅಪ್ಪನಿಗೆ ಅವರೂ ಅಪ್ಪ ಅಂತಾರೆ. ಟೋಪಿಕ್‌ನಲ್ಲಿ ಒಳ್ಳೆ ಹಂತ ಬಂದರೆ ಎಷ್ಟೋ ವಿಶ್ವವಿದ್ಯಾಲಯಗಳು ಫೀಸಿನಲ್ಲೇ ಕಡಿತ ಕೊಡ್ತವೆ. ಇಲ್ಲದಿದ್ದರೆ ಟೋಪಿ ನಿಮ್ಮಪ್ಪನಿಗೆ.

ತಲೆಯಾಡಿಸಿದ. ಆಮೇಲೆ ಕೊರಿಯಾನೇ ಯಾಕೋ ಅಂತ ಕೇಳಿದೆ.

"ನಿಮ್ಮ ಫೋಟೋ ನೋಡಿ, ಮಾಮ. ಚೆರ್ರಿ ಹೂವಿನ ಕೆಳಗೆ ನಿಂತಿದ್ರಲ್ಲ, ಅದು."

ರಾತ್ರಿ ಆ ಫೋಟೋ ಅಳಿಸೋಣ ಅಂತ ತೆಗೆದೆ. 214 ಲೈಕ್ ಇದ್ದವು. ಬಿಟ್ಟೆ.