ಅಸಲು ಆಟ ಬಾಕಿ, ಎಕ್ಸ್‌ಟ್ರಾ ಆಟಕ್ಕೆ ಮುಂಗಡ

ನೂರು ಗಂಟೆ ಆಡಬಹುದಾದ ವಿಡಿಯೋ ಗೇಮ್ ಕೊಂಡವನಿಗೆ ಮೊದಲು ಬರುವ ಚಿಂತೆ ಏನು ಗೊತ್ತಾ? ಇದು ಸಾಕಾಗದಿದ್ದರೆ ಏನು ಮಾಡುವುದು!

ಈ ಕಾಯಿಲೆಗೆ ಮದ್ದು ಕಂಪನಿಯವರ ಬಳಿ ರೆಡಿ ಇದೆ. ಅದರ ಹೆಸರು ಡಿಎಲ್‌ಸಿ. ಆಟ ಕೊಂಡಾದ ಮೇಲೆ ಮತ್ತೆ ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿಕೊಳ್ಳುವ ಎಕ್ಸ್‌ಟ್ರಾ ಭಾಗ. ಕೆಲವು ಸಲ ಅದರಲ್ಲಿ ಹೊಸ ಊರು, ಹೊಸ ಕಥೆ, ಹೊಸ ರಾಕ್ಷಸರು ಇರುತ್ತಾರೆ. ಆಗ ಅದನ್ನು ಗೌರವದಿಂದ ಎಕ್ಸ್‌ಪ್ಯಾನ್ಷನ್ ಎನ್ನುತ್ತಾರೆ. ಕೆಲವು ಸಲ ಬರೀ ಒಂದು ಟೊಪ್ಪಿ ಇರುತ್ತದೆ. ಅದನ್ನೂ ಗೌರವದಿಂದಲೇ ಮಾರುತ್ತಾರೆ.

ಮಂಗಳೂರಿನ ಬಿಜೈಯಲ್ಲಿರುವ ನನ್ನ ಭಾವ ಈ ವಿದ್ಯೆಯಲ್ಲಿ ಪಂಡಿತರು. ಹಗಲು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ರಾತ್ರಿ ಕತ್ತಿ ಹಿಡಿದು ಲೋಕ ಉಳಿಸುವ ಕೆಲಸ. ಎರಡೂ ಕಡೆ ಕೆಲಸ ಪೆಂಡಿಂಗ್. ಕಥೆಯ ನಾಯಕನೇ ತಾನಾಗಿ ಒಬ್ಬರೇ ಕೂತು ಆಡುವ ಉದ್ದುದ್ದದ ರೋಲ್ ಪ್ಲೇಯಿಂಗ್ ಆಟಗಳೆಂದರೆ ಅವರಿಗೆ ಪ್ರಾಣ. ಎಕ್ಸ್‌ಪ್ಯಾನ್ಷನ್‌ಗೆ ಅಷ್ಟು ದುಡ್ಡು ಯಾಕೆ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಲೆಕ್ಕ ಶುರು.

"ನೋಡು ಮಾರಾಯ. ಆಟಕ್ಕೆ 3000 ರೂಪಾಯಿ. 100 ಗಂಟೆ ಆಡಬಹುದು. ಗಂಟೆಗೆ 30 ಬಿತ್ತು. ಎಕ್ಸ್‌ಪ್ಯಾನ್ಷನ್‌ಗೆ 1000. ಅದರಲ್ಲಿ 25 ಗಂಟೆ ಉಂಟು. ಗಂಟೆಗೆ 40. ಈ ದುಡ್ಡಿಗೆ ಮಾಲಿನ ಥಿಯೇಟರಿನಲ್ಲಿ ಪಾಪ್‌ಕಾರ್ನ್ ಮೂಸಿ ನೋಡ್ಲಿಕ್ಕೂ ಬಿಡುವುದಿಲ್ಲ. ಇದಕ್ಕಿಂತ ಚೀಪ್ ಎಂತ ಉಂಟು?"

ಈ ಲೆಕ್ಕ ಭಾವನದ್ದು ಮಾತ್ರ ಅಲ್ಲ. ಜಗತ್ತಿನ ಮೂಲೆ ಮೂಲೆಯಲ್ಲಿ ಆಟಗಾರರು ಎಕ್ಸ್‌ಪ್ಯಾನ್ಷನ್‌ನ ಬೆಲೆ ಕಟ್ಟುವುದೇ ಹೀಗೆ. ಎಷ್ಟು ಗಂಟೆ? ಗಂಟೆಗೆ ಎಷ್ಟು? ಕಥೆ ಚೆನ್ನಾಗಿದೆಯಾ ಎಂಬುದು ಆಮೇಲಿನ ಪ್ರಶ್ನೆ.

ಆದರೆ ಲೆಕ್ಕದ ವಿಷಯದಲ್ಲಿ ಈ ಕರಾವಳಿಯಲ್ಲಿ ಆಟ ಆಡಬಾರದು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್ ಹುಟ್ಟಿತು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್. 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ. ಇಲ್ಲಿ ಪ್ರತಿ ನಾಲ್ಕನೇ ಮನೆಯಲ್ಲಿ ಒಬ್ಬ ನಿವೃತ್ತ ಮ್ಯಾನೇಜರು ಕನ್ನಡಕ ಒರೆಸುತ್ತಾ ಕೂತಿರುತ್ತಾರೆ. ಭಾವನ ಅಪ್ಪನೂ ಅವರಲ್ಲಿ ಒಬ್ಬರು. ನಮಗೆಲ್ಲ ಮಾವ. ಅವರು ಪೇಪರ್ ಮಡಚಿಟ್ಟು ಕೇಳಿದರು.

"ಅಸಲು ಆಟ ಮುಗಿಯಿತಾ?"

"ಇಲ್ಲ ಅಪ್ಪ."

"ಎಲ್ಲಿಗೆ ಬಂತು?"

"ಶುರುವಿನ ಊರು ದಾಟಿದ್ದೇನೆ."

"ಹಾಗಾದರೆ ಗಂಟೆಗೆ 30 ಹೇಗೆ ಬಿತ್ತು? ಆಡಿದ ಗಂಟೆಯಿಂದ ಭಾಗಿಸು."

ಭಾವ ಭಾಗಿಸಲಿಲ್ಲ. ಚಾ ತರುತ್ತೇನೆಂದು ಎದ್ದರು. ಮಾವ ಬಿಡಬೇಕಲ್ಲ? "ಬಾರದ ಬಡ್ಡಿಯನ್ನು ಆದಾಯ ಅಂತ ತೋರಿಸಿದ್ದರೆ ಇನ್ಸ್‌ಪೆಕ್ಷನ್‌ನವರು ನನ್ನನ್ನು ಅಲ್ಲೇ ಕೂರಿಸಿ ಬೆವರಿಳಿಸುತ್ತಿದ್ದರು. ಇವನು ಆಡದ ಗಂಟೆಯನ್ನು ಲಾಭ ಅಂತ ಬರೆದುಕೊಂಡಿದ್ದಾನೆ. ಅದರ ಮೇಲೆ ಇನ್ನೊಂದು ಸಾಲ ಬೇರೆ."

ಆಡಿದ ಗಂಟೆಯಾದರೂ ಏನು? ಒಂದು ರಾತ್ರಿ ಪಕ್ಕದಲ್ಲಿ ಕೂತು ನೋಡಿದೆ. ಲೋಕಕ್ಕೆ ಪ್ರಳಯ ಹತ್ತಿರ ಬಂದಿದೆ. ನಾಯಕನ ಚೀಲದಲ್ಲಿ ಭಾರ ಜಾಸ್ತಿಯಾಗಿ ಅವನಿಗೆ ಓಡಲಿಕ್ಕೆ ಆಗುತ್ತಿಲ್ಲ. ಭಾವ ಹಳೇ ಕತ್ತಿ, ಹರಿದ ಬೂಟು, ಯಾರದೋ ತಟ್ಟೆ ಲೋಟ ಎಲ್ಲ ಒಂದೊಂದಾಗಿ ಅಂಗಡಿಯವನಿಗೆ ಮಾರುತ್ತಿದ್ದರು. ಅಂಗಡಿಯವನ ಹತ್ತಿರ ಚಿಲ್ಲರೆ ಮುಗಿಯಿತು. ಇನ್ನೊಂದು ಊರಿನ ಅಂಗಡಿಗೆ ಕುದುರೆ ಹತ್ತಿ ಹೊರಟರು. ಅಷ್ಟರಲ್ಲಿ ಗುಜರಿ ವ್ಯಾಪಾರದಲ್ಲೇ ಒಂದು ಗಂಟೆ ಮುಗಿಯಿತು. 30 ರೂಪಾಯಿ ವಸೂಲಾಯಿತು ಅಂತ ಲೆಕ್ಕ.

ಇನ್ನು ಆ ನೂರು ಗಂಟೆ ಸಿಗುವುದು ಯಾವಾಗ? ದೀಪಾವಳಿ ಕಳೆದರೆ ನಮ್ಮಲ್ಲಿ ಮದುವೆ, ಮನೆ ಒಕ್ಕಲು, ನೇಮ, ಬ್ರಹ್ಮಕಲಶ. ಒಂದು ಭಾನುವಾರ ಖಾಲಿ ಸಿಕ್ಕಿದರೆ ಅದೇ ವಿಶೇಷ. "ಪತ್ತನಾಜೆ ಕಳೆಯಲಿ, ಮಳೆಗಾಲದಲ್ಲಿ ಕೂತು ಆಡುತ್ತೇನೆ" ಎಂದು ಭಾವ ಹೇಳುತ್ತಾರೆ. ಪತ್ತನಾಜೆ ಎಂದರೆ ನೇಮ, ಜಾತ್ರೆಗಳ ಸೀಸನ್ ಮುಗಿಯುವ ದಿನ. ಪತ್ತನಾಜೆ ಕಳೆಯುತ್ತದೆ. ಮಳೆ ಬರುತ್ತದೆ. ಕರೆಂಟು ಹೋಗುತ್ತದೆ.

ತಮಾಷೆ ನೋಡಿ. ಇಡೀ ರಾತ್ರಿ ಯಕ್ಷಗಾನಕ್ಕೆ ಕೂರಲಿಕ್ಕೆ ನಮಗೆ ಪುರುಸೊತ್ತಿಲ್ಲ. ಅದಕ್ಕೇ ಈಗ ಹೆಚ್ಚಿನ ಕಡೆ ಕಾಲಮಿತಿ. ನಡುರಾತ್ರಿಯೊಳಗೆ ರಾಕ್ಷಸ ಸತ್ತು, ಮಂಗಳ ಹಾಡಿ, ಪ್ರೇಕ್ಷಕರು ಮನೆ ಸೇರಬೇಕು. ಅದೇ ಪ್ರೇಕ್ಷಕರು ಮನೆಗೆ ಬಂದು, 'ಈ ಎಕ್ಸ್‌ಪ್ಯಾನ್ಷನ್ ಬರೀ 10 ಗಂಟೆಯದ್ದಂತೆ, ಮೋಸ' ಎಂದು ಗೊಣಗುತ್ತಾರೆ.

ಈ ವ್ಯಾಪಾರಕ್ಕೆ ಹೆಸರು ತಂದದ್ದು ಒಂದು ಕುದುರೆ. 2006ರ ಏಪ್ರಿಲ್. ಬೆಥೆಸ್ಡಾ ಕಂಪನಿ ತನ್ನ ಒಬ್ಲಿವಿಯನ್ ಆಟದ ಕುದುರೆಗೆ ಒಂದು ಕವಚ ಮಾಡಿ ಮಾರಿತು. ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರದಲ್ಲಿ ಬೆಲೆ ಎರಡೂವರೆ ಡಾಲರ್. ಅದರಿಂದ ಕಥೆ ಒಂದಿಂಚೂ ಮುಂದೆ ಹೋಗಲಿಲ್ಲ. ಕುದುರೆ ಮದುಮಗನ ಹಾಗೆ ಹೊಳೆಯಿತು, ಅಷ್ಟೇ. ಜಗತ್ತೇ ಬಿದ್ದು ಬಿದ್ದು ನಕ್ಕಿತು. ನಕ್ಕವರಲ್ಲಿ ತುಂಬ ಜನ ಕೊಂಡರು. 2025ರಲ್ಲಿ ಅದೇ ಆಟ ಹೊಸ ಬಣ್ಣ ಬಳಿದುಕೊಂಡು ಮತ್ತೆ ಬಂತು. ಜೊತೆಗೆ 10 ಡಾಲರ್ ಜಾಸ್ತಿಯ ಡಿಲಕ್ಸ್ ಎಡಿಷನ್. ಅದರಲ್ಲಿ ಏನೆಲ್ಲ ಇತ್ತು ಎಂದು ನೋಡಿದರೆ, ಕುದುರೆಗೆ ಇನ್ನೂ ಹೊಸ ಕವಚ! ತಮ್ಮನ್ನು ನೋಡಿ ಜನ ನಕ್ಕದ್ದನ್ನೇ ಜನರಿಗೆ ಮಾರಿದ ಈ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ.

ಎರಡೂವರೆ ಡಾಲರ್ ಎಂದಾಗ ಮಾವನಿಗೆ ನೆನಪಾದದ್ದು ಪಿಗ್ಮಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರುಮಾಡಿದ ಯೋಜನೆ. ಏಜೆಂಟರು ದಿನಾ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಚಿಲ್ಲರೆಯನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಕೊಡುವವನಿಗೆ ಗೊತ್ತೇ ಆಗುವುದಿಲ್ಲ. ವರ್ಷಗಳು ಕಳೆದ ಮೇಲೆ ಬಡ್ಡಿ ಸೇರಿ ಮಗಳ ಮದುವೆಗೆ ಒಂದು ಎಳೆ ಬಂಗಾರವಾಗುತ್ತಿತ್ತು. "ಇದು ಪಿಗ್ಮಿಯೇ" ಎಂದರು ಮಾವ. "ಚಿಲ್ಲರೆ ಕೊಡುವುದು ಗೊತ್ತಾಗುವುದಿಲ್ಲ, ಸರಿ. ಕೊನೆಗೆ ಹಿಂದಕ್ಕೆ ಏನು ಸಿಗುತ್ತದೆ?" ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ 2024ರ ಅಕ್ಟೋಬರಿನಿಂದ ದುಡ್ಡು ಕಟ್ಟುವ ಜಾಗದಲ್ಲೇ ಬರೆದಿದ್ದಾರೆ, ನೀವು ಕೊಳ್ಳುವುದು ಆಡುವ ಲೈಸನ್ಸ್ ಮಾತ್ರ ಎಂದು. ಪಾಸ್‌ಬುಕ್ ಉಂಟು, ಠೇವಣಿ ಇಲ್ಲ.

ಕುದುರೆಯ ನಂತರ ಕಲಾವಿದರ ಕಲ್ಪನೆ ಗರಿಗೆದರಿತು. 2009ರ ಡ್ರ್ಯಾಗನ್ ಏಜ್ ಆಟದಲ್ಲಿ ನೀವು ಯುದ್ಧ ಮಾಡಿ ಸುಸ್ತಾಗಿ ಬಿಡಾರಕ್ಕೆ ಬರುತ್ತೀರಿ. ಅಲ್ಲೊಬ್ಬ ಪಾಪದ ಮನುಷ್ಯ ನಿಂತಿರುತ್ತಾನೆ. ನಮ್ಮ ವಂಶದ ಮಾನ ಉಳಿಸಬೇಕು, ಸಹಾಯ ಮಾಡಿ ಎಂದು ಅಂಗಲಾಚುತ್ತಾನೆ. ನಿಮ್ಮ ಕರುಳು ಕರಗುತ್ತದೆ. ಆಯ್ತು, ಬರುತ್ತೇನೆ ಎನ್ನುವಾಗ ಗೊತ್ತಾಗುತ್ತದೆ, ಅವನಿಗೆ ಸಹಾಯ ಮಾಡಬೇಕಿದ್ದರೆ ಬೇರೆ ದುಡ್ಡು ಕಟ್ಟಬೇಕು. ಕಷ್ಟದಲ್ಲಿರುವುದು ಅವನು. ಫೀಸು ನಿಮ್ಮದು. ಕಟ್ಟದಿದ್ದರೆ ಪ್ರತಿ ಸಲ ಬಿಡಾರಕ್ಕೆ ಬಂದಾಗಲೂ ಅವನು ಅಲ್ಲೇ.

2012ರಲ್ಲಿ ಸ್ಕೈರಿಮ್ ಆಟಕ್ಕೆ 5 ಡಾಲರಿನ ಹಾರ್ತ್‌ಫೈರ್ ಬಂತು. ಡ್ರ್ಯಾಗನ್ ಕೊಲ್ಲುವ ವೀರ ಜಾಗ ಕೊಂಡು, ಮರ ತಂದು, ಮೊಳೆ ಬಡಿದು ಮನೆ ಕಟ್ಟಿ, ಮಕ್ಕಳನ್ನು ದತ್ತು ಪಡೆದು ಸಂಸಾರ ಮಾಡಬಹುದು. ಸಂಸಾರದಿಂದ ತಪ್ಪಿಸಿಕೊಳ್ಳಲು ಆಟಕ್ಕೆ ಕೂತ ಭಾವ ಇದನ್ನೂ ಕೊಂಡಿದ್ದಾರೆ. ಅಕ್ಕ ಈ ಬಗ್ಗೆ ಏನೂ ಹೇಳಲಿಲ್ಲ. ಸುಮ್ನೆ ಒಂದು ಸಲ ನೋಡಿದಳು.

ಇವೆಲ್ಲಕ್ಕೂ ಕಿರೀಟ ಇಟ್ಟದ್ದು 2018ರ ಅಸಾಸಿನ್ಸ್ ಕ್ರೀಡ್ ಒಡಿಸ್ಸಿ. ಬಹಳ ಉದ್ದದ ಆಟ. ಎಷ್ಟು ಆಡಿದರೂ ಲೆವೆಲ್ ಏರುವುದು ನಿಧಾನ ಎಂದು ಜನ ಗೊಣಗಿದರು. ಅಂಗಡಿಯಲ್ಲೇ ಅದಕ್ಕೆ ಪರಿಹಾರ ಇತ್ತು. ಸುಮಾರು 10 ಡಾಲರ್ ಕೊಟ್ಟರೆ ಅಂಕಗಳು ಒಂದೂವರೆ ಪಟ್ಟು ಬರುತ್ತವೆ. ಅಂದರೆ ಉದ್ದದ ಆಟಕ್ಕೆ ಒಂದು ರೇಟು. ಅದನ್ನು ಚುಟುಕು ಮಾಡಲು ಇನ್ನೊಂದು ರೇಟು. ಆಮೇಲೆ ಪುನಃ ಉದ್ದ ಮಾಡಲು ಸೀಸನ್ ಪಾಸ್, ಅಂದರೆ ಮುಂದೆ ಬರುವ ಡಿಎಲ್‌ಸಿಗಳಿಗೆಲ್ಲ ಒಟ್ಟಿಗೇ ಕಟ್ಟುವ ದುಡ್ಡು. ಭಾವನ ಗಂಟೆ ಲೆಕ್ಕದಲ್ಲಿ ಇದನ್ನು ಯಾವ ಕಾಲಮ್ಮಿಗೆ ಹಾಕುವುದು? ಗಂಟೆ ಕಡಿಮೆಯಾಯಿತು, ಖರ್ಚು ಜಾಸ್ತಿಯಾಯಿತು. ಮಾವ ಪೆನ್ನು ಕೆಳಗಿಟ್ಟರು.

ಹಾಗಂತ ಎಲ್ಲವೂ ಲೂಟಿ ಎಂದರೆ ನಾಲಿಗೆ ಬಿದ್ದುಹೋದೀತು. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್‌ನವರು 2015ರಲ್ಲಿ ದಿ ವಿಚರ್ 3 ತಂದರು. 16 ಚಿಕ್ಕಪುಟ್ಟ ಡಿಎಲ್‌ಸಿಗಳನ್ನು ಪುಕ್ಕಟೆ ಕೊಟ್ಟರು. ಅದೇ ಅಕ್ಟೋಬರಿನಲ್ಲಿ 10 ಡಾಲರಿಗೆ ಹಾರ್ಟ್ಸ್ ಆಫ್ ಸ್ಟೋನ್ ಎಂಬ ಎಕ್ಸ್‌ಪ್ಯಾನ್ಷನ್ ಬಂತು. ಸುಮಾರು 10 ಗಂಟೆಯ ಕಥೆ. ಕೇಳಿದ್ದನ್ನೆಲ್ಲ ಕೊಟ್ಟು ಕೊನೆಗೆ ಲೆಕ್ಕ ಚುಕ್ತಾ ಮಾಡಿಸಿಕೊಳ್ಳುವ ಒಬ್ಬ ನಗುಮೊಗದ ವ್ಯಾಪಾರಿ ಅದರಲ್ಲಿ ಬರುತ್ತಾನೆ. ಮೂಲ ಆಟದ ಎಷ್ಟೋ ಪಾತ್ರಗಳು ಮರೆತುಹೋದರೂ ಅವನು ಮರೆಯುವುದಿಲ್ಲ. 2016ರ ಮೇನಲ್ಲಿ ಬಂದ ಎರಡನೇ ಎಕ್ಸ್‌ಪ್ಯಾನ್ಷನ್ ಬ್ಲಡ್ ಆ್ಯಂಡ್ ವೈನ್ ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಪೂರಾ ಆಟಗಳನ್ನೇ ಸೋಲಿಸಿ ಅತ್ಯುತ್ತಮ ರೋಲ್ ಪ್ಲೇಯಿಂಗ್ ಆಟ ಎನಿಸಿಕೊಂಡಿತು. ನನ್ನನ್ನು ಕೇಳಿದರೆ ಇವೆರಡರಲ್ಲಿ ಚಿಕ್ಕದೇ ಮೇಲು. ಗಂಟೆಯ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ರೇಟು ಬೀಳುತ್ತವೆ, ಆ ಮಾತು ಬೇರೆ.

ಎಲ್ಡನ್ ರಿಂಗ್ ಆಟದ ಎಕ್ಸ್‌ಪ್ಯಾನ್ಷನ್ ಕಥೆ ಇನ್ನೊಂದು. 2024ರ ಜೂನ್‌ನಲ್ಲಿ ಬಂದ ಶ್ಯಾಡೋ ಆಫ್ ದಿ ಅರ್ಡ್‌ಟ್ರೀ. ಬೆಲೆ 40 ಡಾಲರ್. ಅದು ಆ ಸಾಲಿನ 'ವರ್ಷದ ಆಟ' ಪ್ರಶಸ್ತಿಯ ಸ್ಪರ್ಧೆಯಲ್ಲೂ ನಿಂತಿತ್ತು. ಒಳ್ಳೆಯದೇ ಇರಬೇಕು. ಇರಬೇಕು ಎಂದೆ, ಯಾಕೆಂದರೆ ಭಾವ ಇನ್ನೂ ಒಳಗೆ ಹೋಗಿಲ್ಲ. ಅದರ ಬಾಗಿಲು ತೆರೆಯಬೇಕಿದ್ದರೆ ಮೂಲ ಆಟದ ಇಬ್ಬರು ಭಯಂಕರ ಬಾಸ್ ರಾಕ್ಷಸರನ್ನು, ರಾಡಾನ್ ಮತ್ತು ಮೋಗ್ ಎಂಬವರನ್ನು, ಕೊಂದಿರಬೇಕು. ಅದು ಬಂದ ದಿನವೇ ಭಾವ ಟಿಕೆಟ್ ಕೊಂಡರು. ಅಂದಿನಿಂದ ರಾಡಾನ್ ಕೈಯಲ್ಲಿ ಸಾಯುತ್ತಿದ್ದಾರೆ. "ಒಳಗೆ ಎಷ್ಟು ಗಂಟೆ ಉಂಟು?" ಎಂದು ಮಾವ ದಿನಾ ಕೇಳುತ್ತಾರೆ.

ವಾಪಸ್ ಕೊಡಬಹುದಲ್ಲವಾ ಎಂದರೆ, ಸ್ಟೀಮ್‌ನಲ್ಲಿ ನಿಯಮ ಉಂಟು. ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್. ನೂರು ಗಂಟೆಯ ಆಟ ಎರಡು ಗಂಟೆಯಲ್ಲಿ ಏನು ಗೊತ್ತಾಗುತ್ತದೆ? ಎರಡು ಗಂಟೆ ಮುಗಿಯುವಾಗ ಭಾವ ಇನ್ನೂ ನಾಯಕನ ಮೂಗಿನ ಉದ್ದ ಸರಿಮಾಡುತ್ತಿದ್ದರು.

ಎಲ್ಲಕ್ಕಿಂತ ವಿಚಿತ್ರ ನಡೆದದ್ದು ಬಾಲ್ಡರ್ಸ್ ಗೇಟ್ 3ರಲ್ಲಿ. ಲೇರಿಯನ್ ಸ್ಟುಡಿಯೋದವರ 2023ರ ಆಟ. ಕಥೆ ಮುಗಿದಿದೆ, ಎಕ್ಸ್‌ಪ್ಯಾನ್ಷನ್ ಮಾಡುವುದಿಲ್ಲ ಎಂದು 2024ರ ಮಾರ್ಚ್‌ನಲ್ಲಿ ಅವರು ಹೇಳಿಬಿಟ್ಟರು. ಅಭಿಮಾನಿಗಳಿಗೆ ಆಕಾಶ ಕಳಚಿ ಬಿದ್ದಿತು. ಕುದುರೆಗೆ ಕವಚ ಮಾರಿದಾಗ ಬೈದ ಜನವೇ ಈಗ ನಮ್ಮ ದುಡ್ಡು ತಗೊಳ್ಳಿ ಎಂದು ದುಂಬಾಲು ಬಿದ್ದರು. ಅವರು 2025ರ ಏಪ್ರಿಲ್‌ನಲ್ಲಿ 12 ಹೊಸ ಉಪವರ್ಗಗಳನ್ನು, ಅಂದರೆ ನಾಯಕನಿಗೆ ಆರಿಸಿಕೊಳ್ಳಲು 12 ಹೊಸ ವಿದ್ಯೆಗಳನ್ನು, ಪುಕ್ಕಟೆ ಕೊಟ್ಟರು. ಭಾವನಿಗೆ ಇದರಿಂದ ಮಂಡೆಬಿಸಿ. "ಪುಕ್ಕಟೆ ಕೊಟ್ಟರೆ ಗಂಟೆಗೆ ಎಷ್ಟು ಬಿತ್ತು ಅಂತ ಭಾಗಿಸುವುದು ಹೇಗೆ ಮಾರಾಯ? ಸೊನ್ನೆ ಬರ್ತದೆ."

ನನಗೆ ಅನಿಸುವುದು ಇಷ್ಟು. ಈ ಕಂಪನಿಗಳು ತಪ್ಪು ಸಾಮಾನು ಮಾರುತ್ತಿವೆ. ಊರು, ಕುದುರೆ, ಕತ್ತಿ ಎಲ್ಲ ಭಾವನ ಹತ್ತಿರ ಬೇಕಾದಷ್ಟಿದೆ. ಅವರು ಮಾರಬೇಕಾದ್ದು ಪುರುಸೊತ್ತು. ಮೊದಲ ಎಕ್ಸ್‌ಪ್ಯಾನ್ಷನ್‌ನಲ್ಲಿ ಒಂದು ವಾರದ ರಜೆ, ಆಫೀಸಿನ ಬಾಸ್‌ನ ಸಹಿ ಸಮೇತ. ಎರಡನೆಯದರಲ್ಲಿ ಮದುವೆಗಳಿಂದ ವಿನಾಯಿತಿ, ಮುಯ್ಯಿ ಕಂಪನಿಯೇ ಕೊಡಬೇಕು. ಸೀಸನ್ ಪಾಸ್ ತಗೊಂಡವರ ಮನೆಗೆ ಒಬ್ಬ ಬಂದು ಮಕ್ಕಳ ಹೋಮ್‌ವರ್ಕ್ ಮಾಡಿಸಿ, ಮೀನು ತಂದುಕೊಟ್ಟು ಹೋಗಬೇಕು. ಇಂಥದ್ದು ಬಂದರೆ ನಾನೂ ಕಣ್ಣುಮುಚ್ಚಿ ಮುಂಗಡ ಕಟ್ಟುತ್ತೇನೆ ಎಂದು ಭಾವನಿಗೆ ಹೇಳಿದೆ.

ಅವರು ಗಂಭೀರವಾಗಿ ಯೋಚಿಸಿದರು. "ಡಿಲಕ್ಸ್ ಎಡಿಷನ್ನೇ ತಗೊಳ್ಳುವ. ಅದರಲ್ಲಿ ಮಳೆಗಾಲಕ್ಕೆ ಕರೆಂಟು ಸಹ ಇರ್ತದೆ."